ಕಡವೆ ಮಲಗುವ ಬೆಟ್ಟದಲ್ಲಿ ಸದ್ದಿಲ್ಲದೆ ಕೂರುವುದು ಹೇಗೆ?

ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಗಳಲ್ಲಿ ಬೆಳೆದವರಿಗೆ ‘ಮರಸು’ ಎಂಬ ಮಾತು ಗೊತ್ತಿರುತ್ತದೆ. ಪ್ರಾಣಿ ಓಡಾಡುವ ದಾರಿಯ ಪಕ್ಕ, ಮರದ ಮೇಲೋ ಮಟ್ಟಿಯ ಮರೆಯಲ್ಲೋ ಕೋವಿ ಹಿಡಿದು ಕಾದು ಕೂರುವ ಹಳೆಯ ಬೇಟೆ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ಅಪರಾಧ. ಹಾಗೆಯೇ ಆಗಬೇಕಿತ್ತು ಎಂದು ನಾನು ನಂಬುತ್ತೇನೆ. ಆದರೆ ಮರಸು ಕೂರುತ್ತಿದ್ದ ಅಜ್ಜಂದಿರಿಗೆ ಒಂದು ವಿದ್ಯೆ ಗೊತ್ತಿತ್ತು. ಕಡವೆ ಹಗಲು ಎಲ್ಲಿ ಮಲಗುತ್ತದೆ, ಯಾವ ಹೊತ್ತಿಗೆ ಏಳುತ್ತದೆ, ಗಾಳಿ ಯಾವಾಗ ತಿರುಗುತ್ತದೆ, ಇದೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಕೋವಿಯ ಜೊತೆ ಆ ವಿದ್ಯೆಯೂ ಹೋಗಿಬಿಡಬಾರದು. ಬೈನಾಕ್ಯುಲರ್ ಅಥವಾ ಕ್ಯಾಮೆರಾ ಹಿಡಿದು ಕೂರುವವರಿಗೂ ಬೇಕಾಗುವುದು ಅದೇ.

ಈ ಲೇಖನ ಅವರಿಗಾಗಿ. ಮಲಗುವ ಜಾಗದ ಹತ್ತಿರ ಹೋಗಿಯೂ ಪ್ರಾಣಿಯನ್ನು ಎಬ್ಬಿಸದೆ, ಅದಕ್ಕೆ ನಮ್ಮ ಸುಳಿವೇ ಸಿಗದಂತೆ ನೋಡಿ ಬರುವುದು ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ.

ಎಬ್ಬಿಸಿದರೆ ಏನಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಹಟ್ಟಿಯ ದನವನ್ನು ನೆನಪಿಸಿಕೊಳ್ಳಿ. ಕಡವೆ, ಜಿಂಕೆಗಳೂ ದನದ ಹಾಗೆ ಮೆಲುಕು ಹಾಕುವ ಪ್ರಾಣಿಗಳು. ಮೇಯುವಾಗ ಅವಸರದಲ್ಲಿ ನುಂಗಿ, ಮರೆಯಲ್ಲಿ ಮಲಗಿ ನಿಧಾನ ಅಗಿಯುತ್ತವೆ. ಮಲಗುವುದೆಂದರೆ ಅವಕ್ಕೆ ಬರೀ ನಿದ್ದೆಯಲ್ಲ, ಅರ್ಧ ಊಟ. ಹಗಲಿನಲ್ಲಿ ಎಬ್ಬಿಸಿದರೆ ಆ ಊಟ ಕೆಡುತ್ತದೆ. ಜೊತೆಗೆ ಕಣ್ಣಿಗೆ ಬೀಳಬಾರದ ಹೊತ್ತಲ್ಲಿ ಬಯಲಿಗೆ ಬೀಳುತ್ತವೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಫೆಬ್ರವರಿಯಲ್ಲಿ, ಕಡವೆ ಮಲಗುತ್ತದೆ ಎಂದು ಗೊತ್ತಿದ್ದ ಬಿದಿರು ಮೆಳೆಯ ಒಳಗೇ ನುಗ್ಗಿ ನೋಡಿದೆ. ಹತ್ತೇ ಮಾರು ದೂರದಿಂದ ಹೆಣ್ಣು ಕಡವೆ ಎದ್ದು ಇಳಿಜಾರಿನಲ್ಲಿ ಓಡಿತು. ಕೆಳಗೆ ಕೇರಿಯ ನಾಯಿಗಳು ಅದರ ಬೆನ್ನು ಹತ್ತಿದವು. ಹಳ್ಳದ ಆಚೆಯವರೆಗೂ ಬೊಗಳುವುದು ಕೇಳುತ್ತಿತ್ತು. ಆಮೇಲೆ ಏನಾಯಿತೋ ತಿಳಿಯಲಿಲ್ಲ. ಎರಡು ತಿಂಗಳು ಆ ಬೆಟ್ಟದಲ್ಲಿ ಹೊಸ ಹೆಜ್ಜೆ ಕಾಣಲಿಲ್ಲ. ನಮ್ಮೂರಲ್ಲಿ ದನ ಕಾಯುತ್ತಿದ್ದ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ಬೈಯಲಿಲ್ಲ. “ತಮಾ, ಅದು ಮಲಗಿದ್ದಲ್ಲಿಗೆ ಹೋಗೂದಲ್ಲ. ಅದು ಎದ್ದು ಬರೂ ದಾರೀಲಿ ಕೂರೂದು” ಎಂದರು. ಮುಂದೆ ಬರೆಯುವುದೆಲ್ಲ ಆ ಒಂದು ಮಾತಿನ ವಿಸ್ತಾರ.

ಮೊದಲು ನೋಡಬೇಕಾದ್ದು: ನೀವು ಅಲ್ಲಿ ಕೂರಬಹುದೇ?

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ಅಂದರೆ ಅಣಶಿ, ದಾಂಡೇಲಿ ಕಾಡುಗಳಲ್ಲಿ, ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಅಲ್ಲಿ ಇಲಾಖೆಯ ಸಫಾರಿಯಲ್ಲೇ ಹೋಗಿ. ಉಳಿದ ಮೀಸಲು ಅರಣ್ಯಕ್ಕೂ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಹೋಗಬೇಕು.

ನನ್ನ ಸಲಹೆ ಬೇರೆ. ಅಷ್ಟು ದೂರ ಹೋಗಬೇಡಿ. ನಿಮ್ಮದೋ ನೆಂಟರದೋ ತೋಟದ ಅಂಚು, ಗದ್ದೆಯ ಮಾಳ (ಕಾವಲಿನ ಅಟ್ಟಣಿಗೆ), ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಬದಿ ಸಾಕು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ನಮ್ಮಲ್ಲಿ ಬ್ರಿಟಿಷರ ಕಾಲದಿಂದ ಇದೆ. ತೋಟ, ಬೆಟ್ಟ, ಬೇಣ (ಹುಲ್ಲುಗಾವಲು), ಕಾನು (ದಟ್ಟ ಹಸಿರು ಕಾಡು) ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕಾಡುಕುರಿ ಎಂಬ ಸಣ್ಣ ಜಿಂಕೆ, ಕಡವೆ ನಮ್ಮ ಬೇಲಿಯವರೆಗೂ ಬರುತ್ತವೆ. ಬೆಟ್ಟ ಬೇರೆಯವರ ವಹಿವಾಟಿನದಾದರೆ ಅವರಿಗೆ ಹೇಳಿ ಹೋಗಿ. ಸಂಜೆ ಹೊತ್ತು ಮಟ್ಟಿಯಲ್ಲಿ ಯಾರೋ ಅಡಗಿ ಕೂತಿದ್ದಾರೆ ಎಂದರೆ ಊರವರಿಗೆ ಅನುಮಾನ ಬರುವುದು ಸಹಜ ಅಲ್ವಾ?

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ. ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಒಡ್ಡುವುದು, ಇವುಗಳ ಪ್ರಯತ್ನವೂ ಬೇಟೆಯೇ. ಹಾಗಾಗಿ ಫೋಟೊಗಾಗಿ ಉಪ್ಪು ಸುರಿಯುವುದು, ಹಲಸಿನ ಹಣ್ಣು ಒಡೆದಿಡುವುದು, ನಾಲ್ಕು ಜನ ಸೇರಿ ಸೋವು ಮಾಡಿ ಒಬ್ಬನ ಕ್ಯಾಮೆರಾ ಮುಂದೆ ಓಡಿಸುವುದು, ಯಾವುದೂ ಬೇಡ. ಉದುರಿ ಬಿದ್ದ ಕೊಂಬು ಸಿಕ್ಕರೂ ಅಲ್ಲೇ ಬಿಡಿ. ಅದನ್ನು ಮನೆಗೆ ತರುವುದೂ ಅಪರಾಧ.

ಯಾವ ಪ್ರಾಣಿಗಾಗಿ ಕೂರುತ್ತೀರಿ?

ಎಲ್ಲವನ್ನೂ ‘ಜಿಂಕೆ’ ಎಂದು ಕರೆದರೆ ಕೆಲಸ ಆಗುವುದಿಲ್ಲ. ಒಂದೊಂದರ ಮಲಗುವ ರೀತಿ ಒಂದೊಂದು.

ಚುಕ್ಕೆ ಜಿಂಕೆ ಹಿಂಡಿನ ಪ್ರಾಣಿ. ಹಳಿಯಾಳ, ಮುಂಡಗೋಡ, ದಾಂಡೇಲಿ ಕಡೆಯ ಸಾಗವಾನಿ ಕಾಡು, ಹುಲ್ಲು ಬಯಲು ಅದಕ್ಕೆ ಇಷ್ಟ. ಬೆಳಿಗ್ಗೆ, ಸಂಜೆ ಮೇಯುತ್ತದೆ. ಬಿಸಿಲೇರಿದಾಗ ನೆರಳಿನಲ್ಲಿ ಹಿಂಡಾಗಿ ಮಲಗುತ್ತದೆ. ಮಲಗಿದಾಗಲೂ ಒಂದಲ್ಲ ಒಂದರ ತಲೆ ಎದ್ದೇ ಇರುತ್ತದೆ. ಇಪ್ಪತ್ತು ಜೋಡಿ ಕಿವಿಗಳನ್ನು ತಪ್ಪಿಸಿ ಹತ್ತಿರ ಹೋಗುವುದು ಹೊಸಬರಿಗೆ ಆಗದ ಮಾತು.

ಕಡವೆ ಹೆಚ್ಚಾಗಿ ರಾತ್ರಿಯ ಪ್ರಾಣಿ. ಹಗಲಿಡೀ ದಟ್ಟ ಮರೆಯಲ್ಲಿ ಮಲಗಿ, ಕತ್ತಲಾಗುವ ಹೊತ್ತಿಗೆ ಇಳಿದು ಬರುತ್ತದೆ. ಒಂಟಿಯಾಗಿ, ಇಲ್ಲವೇ ತಾಯಿ ಮರಿಯಾಗಿ ಇರುತ್ತದೆ.

ಕಾಡುಕುರಿ, ನಮ್ಮಲ್ಲಿ ಕೆಲವರು ಕಾನುಕುರಿ ಎನ್ನುವುದು, ಒಂಟಿ ಜೀವ. ತನ್ನದೇ ಸಣ್ಣ ಜಾಗ ಹಿಡಿದುಕೊಂಡು ಅಲ್ಲೇ ಸುತ್ತುತ್ತದೆ. ನಾಯಿಯ ಹಾಗೆ ಬೊಗಳುತ್ತದೆ. ಘಟ್ಟದ ಮೇಲಿನ ಕಾನಿನಲ್ಲೂ ಇದೆ, ದೇವಿಮನೆ ಘಟ್ಟದ ಇಳಿಜಾರಿನಲ್ಲೂ ಇದೆ, ಕಾರವಾರದ ಹಿಂದಿನ ಗುಡ್ಡಗಳಲ್ಲೂ ಇದೆ. ಹೊಸದಾಗಿ ಕಲಿಯುವವರು ಇದರಿಂದಲೇ ಶುರು ಮಾಡಿ. ಇವತ್ತು ಕಂಡ ಕಡೆ ನಾಳೆಯೂ ಕಾಣುವ ಸಾಧ್ಯತೆ ಜಾಸ್ತಿ.

ಬರ್ಕ ಎಂಬ ಪುಟ್ಟದೊಂದು ಉಂಟು. ಕೊಂಬಿಲ್ಲ, ಮೊಲಕ್ಕಿಂತ ತುಸು ದೊಡ್ಡದು. ಅದಕ್ಕಾಗಿ ಕಾದು ಕೂರಬೇಡಿ. ಕಂಡರೆ ನಿಮ್ಮ ಅದೃಷ್ಟ.

ಮಲಗುವ ಜಾಗವನ್ನು ದೂರದಿಂದಲೇ ಗುರುತಿಸುವುದು

ಹಾಸಿಗೆ ಇರುವ ಜಾಗವನ್ನು ಹುಡುಕಿಕೊಂಡು ಹೋಗುವುದು ತಪ್ಪು. ಸುತ್ತಲಿನ ಗುರುತು ಓದಿ ‘ಇದು ಇಲ್ಲೇ ಎಲ್ಲೋ ಮಲಗುತ್ತದೆ’ ಎಂದು ಅಂದಾಜು ಮಾಡಿದರೆ ಸಾಕು.

ಹೆಜ್ಜೆಯಿಂದ ಶುರು ಮಾಡಿ. ಮಳೆ ಬಂದ ಮರುದಿನ ಹಳ್ಳದ ಕೆಸರು, ಗದ್ದೆಯ ಹಾಳಿ, ತೋಟದ ಬಸಿಗಾಲುವೆ ನೋಡಿ. ಎರಡು ಗೊರಸಿನ ಚೂಪಾದ ಗುರುತು. ಕಾಡುಕುರಿಯದು ಬಹಳ ಸಣ್ಣದು, ಹೆಬ್ಬೆರಳು ಒತ್ತಿದಷ್ಟು. ಕಡವೆಯದು ದೊಡ್ಡದು, ದನದ ಕರುವಿನದರ ಹಾಗೆ ಕಂಡರೂ ಅದಕ್ಕಿಂತ ಉದ್ದ, ಮುಂದೆ ಚೂಪು. ಹೆಜ್ಜೆ ನೀರಿನ ಕಡೆ ಇಳಿದದ್ದೆಲ್ಲಿ, ವಾಪಸ್ ಹತ್ತಿದ್ದೆಲ್ಲಿ ಎಂದು ಗಮನಿಸಿ. ಹತ್ತಿದ ದಿಕ್ಕಿನಲ್ಲೇ ಮಲಗುವ ಜಾಗ ಇರುತ್ತದೆ.

ಆಮೇಲೆ ಹಿಕ್ಕೆ. ಮೇಯುವ ಜಾಗದಲ್ಲೂ ಇರುತ್ತದೆ, ಮಲಗುವ ಜಾಗದ ಸುತ್ತಲೂ ಇರುತ್ತದೆ. ಹೊಸದು ಮಿರುಗುತ್ತದೆ, ಹಳೆಯದು ಕಂದಿ ಒಡೆಯುತ್ತದೆ. ಹೊಸದೂ ಹಳೆಯದೂ ಒಂದೇ ಕಡೆ ಸಿಕ್ಕರೆ ಪ್ರಾಣಿ ಅಲ್ಲಿಗೆ ಮತ್ತೆ ಮತ್ತೆ ಬರುತ್ತಿದೆ ಎಂದು ತಿಳಿಯಿರಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ನೆಲ್ಲಿ ಬೀಜ. ಚಳಿಗಾಲದಲ್ಲಿ ನೆಲ್ಲಿ, ಅಮಟೆ ಉದುರುತ್ತವೆ. ಕಾಡುಕುರಿ, ಜಿಂಕೆ ಬಂದು ಹಣ್ಣನ್ನು ಇಡಿಯಾಗಿ ನುಂಗುತ್ತವೆ. ಗಟ್ಟಿ ಬೀಜ ಹಿಕ್ಕೆಯಲ್ಲಿ ಹೋಗುವುದಿಲ್ಲ. ಮಲಗಿ ಮೆಲುಕು ಹಾಕುವಾಗ ಬಾಯಿಗೆ ಬರುತ್ತದೆ, ಅಲ್ಲೇ ಉಗುಳುತ್ತವೆ. ನೆಲ್ಲಿ ಮರವೇ ಇಲ್ಲದ ಕಡೆ, ಒಂದು ಮಟ್ಟಿಯ ಬುಡದಲ್ಲಿ, ತೊಳೆದಿಟ್ಟಂತಹ ನೆಲ್ಲಿ ಬೀಜಗಳು ಗುಂಪಾಗಿ ಬಿದ್ದಿದ್ದರೆ ಅಲ್ಲಿ ಯಾರೋ ಆರಾಮಾಗಿ ಕೂತು ಮೆಲುಕು ಹಾಕಿದ್ದಾರೆ. ಕಾಡಿನಲ್ಲಿ ನೆಲ್ಲಿ ಸಸಿ ಹುಟ್ಟುವುದಕ್ಕೂ ಇದು ಒಂದು ದಾರಿ. ಮೊದಲ ಸಲ ಇದನ್ನು ಕಂಡಾಗ ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬೀಜ ಎಣಿಸಿದ್ದೆ. ನೀವು ಹಾಗೆ ಮಾಡಬೇಡಿ. ಕಂಡ ಕೂಡಲೇ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ನೀವು ಬಹಳ ಹತ್ತಿರ ಬಂದಿದ್ದೀರಿ.

ಹಾಸಿಗೆ ಹೇಗಿರುತ್ತದೆ ಎಂದರೆ, ದರಕು (ಉದುರಿದ ಒಣ ಎಲೆ) ಒತ್ತಿ ಮೊಟ್ಟೆಯಾಕಾರದಲ್ಲಿ ಚಪ್ಪಟೆಯಾಗಿರುತ್ತದೆ. ಕಾಡುಕುರಿಯದು ಒಂದು ಸಣ್ಣ ಮೊರದಷ್ಟು, ಕಡವೆಯದು ದನ ಮಲಗಿದಷ್ಟು. ಅಲ್ಲೊಂದು ಇಲ್ಲೊಂದು ಕೂದಲು ಅಂಟಿರುತ್ತದೆ. ಕಡವೆ ಹೆಚ್ಚಾಗಿ ಗುಡ್ಡದ ಮೇಲ್ಭಾಗದ ಇಳಿಜಾರಿನಲ್ಲಿ, ಬೆನ್ನಿಗೆ ಮೆಳೆ ಅಥವಾ ಬಂಡೆ ಇಟ್ಟುಕೊಂಡು, ಕೆಳಗಿನದು ಕಾಣುವಂತೆ ಮಲಗುತ್ತದೆ.

ಈ ಹುಡುಕಾಟವನ್ನೆಲ್ಲ ಒಂದೇ ದಿನ ಮಾಡಬೇಡಿ. ಬೆಟ್ಟಕ್ಕೆ ದರಕು ಗುಡಿಸಲು, ಸೊಪ್ಪು ಕಡಿಯಲು ಜನ ಹೋಗುವ ದಿನ ಅವರ ಜೊತೆಗೇ ಹೋಗಿ. ಆ ಸದ್ದು, ಮಾತು, ಕತ್ತಿ ಏಟು ಪ್ರಾಣಿಗಳಿಗೆ ರೂಢಿಯಾಗಿದೆ. ಮಾತಾಡುತ್ತ ಒಂದೇ ಸಮ ನಡೆದು ಹೋಗುವವರಿಗೆ ಅವು ಅಷ್ಟು ಹೆದರುವುದಿಲ್ಲ. ನಡೆಯುತ್ತಿದ್ದವನು ತಟ್ಟನೆ ನಿಂತರೆ, ಕಳ್ಳ ಹೆಜ್ಜೆ ಇಟ್ಟರೆ ಹೆದರುತ್ತವೆ. ಚಿರತೆ ಮಾಡುವುದೂ ಅದನ್ನೇ.

ಗಾಳಿ

ಇಲ್ಲಿ ನಿಧಾನವಾಗಿ ಓದಿ. ಉಳಿದದ್ದರಲ್ಲಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಗಾಳಿಯಲ್ಲಿ ತಪ್ಪಿದರೆ ಆ ದಿನ ಮುಗಿಯಿತು. ನಿಮ್ಮನ್ನು ಕಂಡ ಕಡವೆ ಒಂದು ಗಳಿಗೆ ಯೋಚಿಸುತ್ತದೆ, ಸದ್ದು ಕೇಳಿದ ಕಡವೆ ಕಿವಿ ತಿರುಗಿಸಿ ಇನ್ನೊಮ್ಮೆ ಕೇಳಲು ಕಾಯುತ್ತದೆ. ನಿಮ್ಮ ವಾಸನೆ ಸಿಕ್ಕ ಕಡವೆ ಕಾಯುವುದಿಲ್ಲ.

ಘಟ್ಟದ ಮೇಲೆ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾದಾಗ ತಂಪು ಗಾಳಿ ಭಾರವಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬೆಳಗಿನ ಜಾವ ತೋಟದಲ್ಲಿ ನಿಂತರೆ ಬೆಟ್ಟದಿಂದ ಇಳಿದ ಚಳಿ ಕಾಲಿಗೆ ತಾಗುತ್ತದಲ್ಲ, ಅದೇ. ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ ಗಾಳಿ ಮೇಲಕ್ಕೆ ಹತ್ತುತ್ತದೆ. ಸಂಜೆ ಗುಡ್ಡದ ನೆರಳು ಬಿದ್ದ ಕಡೆ ಮತ್ತೆ ಇಳಿಯಲು ಶುರು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ನೆರಳು ಬೇಗ, ಪಶ್ಚಿಮದ್ದರಲ್ಲಿ ತಡ. ಈ ತಿರುಗುವ ಹೊತ್ತೇ ಅಪಾಯದ್ದು. ಆಗ ಗಾಳಿ ಒಂದು ಕಡೆ ನಿಲ್ಲದೆ ಸುಳಿಯುತ್ತದೆ. ಆ ಅರ್ಧ ಗಂಟೆ ನೀವು ಅಲ್ಲಾಡದೆ ಕೂತಿರಬೇಕು, ಅಥವಾ ಅಲ್ಲಿ ಇರಲೇಬಾರದು.

ಕರಾವಳಿಯಲ್ಲಿ ಲೆಕ್ಕ ಬೇರೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಹಗಲು ನೆಲ ಕಾದಂತೆ ಕಡಲ ಗಾಳಿ ಪಶ್ಚಿಮದಿಂದ ಬರುತ್ತದೆ. ರಾತ್ರಿ, ಬೆಳಗಿನ ಜಾವ ನೆಲದ ಗಾಳಿ ಕಡಲಿಗೆ ಹೋಗುತ್ತದೆ. ಗುಡ್ಡದ ಕಾಡು ಊರಿನ ಪೂರ್ವಕ್ಕಿರುವುದರಿಂದ ಮಧ್ಯಾಹ್ನ ಊರ ಕಡೆಯಿಂದ ಹತ್ತುವವರ ವಾಸನೆ ಅವರಿಗಿಂತ ಮೊದಲೇ ಗುಡ್ಡ ಹತ್ತಿರುತ್ತದೆ. ಅಲ್ಲಿ ಬದಿಯಿಂದ ಬಳಸಿ ಹೋಗುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಗಾಳಿ ನೋಡಲು ಬೂರುಗದ ಹತ್ತಿಯಷ್ಟು ಒಳ್ಳೆಯದು ಬೇರೆ ಇಲ್ಲ. ಬೇಸಿಗೆಯಲ್ಲಿ ಕಾಯಿ ಒಡೆದಾಗ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಳ್ಳಿ. ಒಂದು ಎಳೆ ಬಿಟ್ಟರೆ ಮೂವತ್ತು ನಲವತ್ತು ಅಡಿ ತೇಲಿಕೊಂಡು ಹೋಗುತ್ತದೆ. ಎಲ್ಲಿ ಏರಿತು, ಯಾವ ಮರದ ಹತ್ತಿರ ತಿರುಗಿತು ಎಂದು ಕಣ್ಣಿಗೆ ಕಾಣುತ್ತದೆ. ಪೌಡರ್, ಬೂದಿ ಹತ್ತಿರದ ಗಾಳಿಯನ್ನಷ್ಟೇ ತೋರಿಸುತ್ತವೆ. ಮರದ ತುದಿ ನೋಡಿ ಗಾಳಿ ಹೇಳಬೇಡಿ. ನಿಮ್ಮ ವಾಸನೆ ಹೋಗುವುದು ಸೊಂಟದ ಎತ್ತರದಲ್ಲಿ. ಅಲ್ಲಿಯ ಗಾಳಿ ಎಷ್ಟೋ ಸಲ ಮೇಲಿನದಕ್ಕೆ ಉಲ್ಟಾ ಇರುತ್ತದೆ.

ಈಗ ಇದನ್ನು ಕೂರುವ ಜಾಗಕ್ಕೆ ಜೋಡಿಸೋಣ. ಕಡವೆ ಗುಡ್ಡದ ಮೇಲ್ಭಾಗದಲ್ಲಿ ಮಲಗಿದೆ, ಸಂಜೆ ಹಳ್ಳಕ್ಕೋ ಬೇಣಕ್ಕೋ ಇಳಿಯುತ್ತದೆ ಎಂದುಕೊಳ್ಳಿ. ನೀವು ನೇರ ಕೆಳಗೆ ಕೂತರೆ ನಾಲ್ಕು ಗಂಟೆಯ ಮೇಲ್ಮುಖ ಗಾಳಿ ನಿಮ್ಮ ವಾಸನೆಯನ್ನು ಅದರ ಹಾಸಿಗೆಗೇ ಒಯ್ಯುತ್ತದೆ. ಅದು ಗುಡ್ಡದ ಆಚೆ ಬದಿಗೆ ಇಳಿದು ಹೋಗುತ್ತದೆ. ನೀವು ಕತ್ತಲಾಗುವವರೆಗೂ ಸುಮ್ನೆ ಕೂತಿರುತ್ತೀರಿ. ಅದಕ್ಕೇ ಕೆಳಗೆ, ಆದರೆ ಒಂದು ಪಕ್ಕಕ್ಕೆ ಕೂರಿ. ಮೇಲೇರುವ ಗಾಳಿ ಹಾಸಿಗೆಯ ಬದಿಯಿಂದ ಹಾದುಹೋಗಲಿ. ಬಿಸಿಲಿಳಿದು ಗಾಳಿ ಕೆಳಮುಖವಾದಾಗ ಪ್ರಾಣಿ ಇಳಿದು ಬರುತ್ತದೆ, ಅದರ ವಾಸನೆ ನಿಮ್ಮ ಕಡೆ ಬರುತ್ತದೆ. ಗಂಡು ಕಡವೆಯಾದರೆ ಕೆಲವೊಮ್ಮೆ ನಿಜಕ್ಕೂ ನಮ್ಮ ಮೂಗಿಗೇ ತಾಗುತ್ತದೆ.

ಕೂರುವ ಜಾಗ

ಮಲಗುವ ಜಾಗದಿಂದ ಕನಿಷ್ಠ ನೂರೈವತ್ತು ಹೆಜ್ಜೆ ದೂರ ಇರಲಿ. ನಡುವೆ ಒಂದು ಸಣ್ಣ ದಿಣ್ಣೆಯೋ ಹಳ್ಳದ ತಿರುವೋ ಇದ್ದರೆ ಇನ್ನೂ ಒಳ್ಳೆಯದು. ಬೆನ್ನಿಗೆ ದಪ್ಪ ಮರ ಬೇಕು. ಹೊನ್ನೆ, ಮತ್ತಿ, ಯಾವುದಾದರೂ ಆದೀತು. ಮುಂದಿನ ಮರೆಗಿಂತ ಬೆನ್ನಿನ ಮರೆ ಮುಖ್ಯ. ಹಿಂದೆ ಬಯಲಿದ್ದರೆ ನಿಮ್ಮ ತಲೆ ಆಕಾಶಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ.

ಕೂರುವ ಜಾಗದ ದರಕನ್ನು ಒಂದು ವಾರ ಮೊದಲೇ ಗುಡಿಸಿ ಮಣ್ಣು ಕಾಣುವಂತೆ ಮಾಡಿಡಿ. ಅಲ್ಲಿಗೆ ಬರುವ ಕೊನೆಯ ಇಪ್ಪತ್ತು ಹೆಜ್ಜೆಯನ್ನೂ ಗುಡಿಸಿ. ಫೆಬ್ರವರಿ, ಮಾರ್ಚಿನಲ್ಲಿ ಒಣ ಸಾಗವಾನಿ ಎಲೆ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು ಬರುತ್ತದೆ. ಟೊಂಗೆ ಕಡಿದು ಕಿಂಡಿ ಮಾಡಬೇಡಿ. ಎರಡು ಎಲೆ ಅಡ್ಡ ಬಂದರೆ ಬರಲಿ.

ನೆಲದ ಮೇಲೆ ಕೂರಬೇಡಿ, ಒಂದು ಗಿಡ್ಡ ಮಣೆ ಒಯ್ಯಿರಿ. ಇದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಗದ್ದೆಯ ಮಾಳ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಪ್ರಾಣಿಗಳಿಗೆ ಅದರ ರೂಪ ಪರಿಚಯ, ನಿಮ್ಮ ವಾಸನೆಯೂ ಸ್ವಲ್ಪ ಮೇಲೆಯೇ ಉಳಿಯುತ್ತದೆ.

ಒಂದೇ ಜಾಗದಲ್ಲಿ ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಕೂರಬೇಡಿ. ನಿನ್ನೆ ಚೆನ್ನಾಗಿ ಕಂಡಿತು ಎಂದು ಇವತ್ತೂ ಹೋಗುವ ಆಸೆ ಬರುತ್ತದೆ. ನೀವು ಎದ್ದು ಹೋದ ಮೇಲೂ ನಿಮ್ಮ ವಾಸನೆ ಅಲ್ಲಿ ಉಳಿದಿರುತ್ತದೆ. ಪ್ರಾಣಿ ರಾತ್ರಿ ಬಂದು ಅದನ್ನು ಮೂಸಿರುತ್ತದೆ.

ಬಟ್ಟೆ, ವಾಸನೆ, ಉಣುಗು

ಜಿಂಕೆ ಜಾತಿಯ ಕಣ್ಣಿಗೆ ಕೆಂಪು ಬಣ್ಣ ಮಂಕು, ನೀಲಿ ಎದ್ದು ಕಾಣುತ್ತದೆ. ನಮಗೆ ಕಾಣದ ಅತಿನೇರಳೆ ಬೆಳಕೂ ಅದಕ್ಕೆ ಸ್ವಲ್ಪ ಕಾಣುತ್ತದೆ. ಬಿಳುಪು ಹೊಳೆಯುವಂತೆ ಮಾಡುವ ಸೋಪಿನ ಪುಡಿಯಲ್ಲಿ ತೊಳೆದ ಬಟ್ಟೆ ಮುಸ್ಸಂಜೆಯಲ್ಲಿ ಅವಕ್ಕೆ ಮಿನುಗುತ್ತದೆ. ಆದ್ದರಿಂದ ಬಿಳಿ ಪಂಚೆ, ನೀಲಿ ಜೀನ್ಸ್ ಎರಡೂ ಬೇಡ. ಹಳೆಯ ಕಂದು, ಮಾಸಲು ಹಸಿರು ಬಟ್ಟೆ ಸಾಕು, ಮಿಲಿಟರಿ ಬಣ್ಣದ್ದು ಕೊಳ್ಳಬೇಕಿಲ್ಲ. ಕಂಬಳಿ ಇದ್ದರೆ ಹೊದ್ದುಕೊಳ್ಳಿ. ಸದ್ದಿಲ್ಲದ ಬಟ್ಟೆ ಅದು. ಮುಖ, ಕೈ ಮುಚ್ಚಿಕೊಳ್ಳಿ. ಹೆಚ್ಚು ಅಲ್ಲಾಡುವುದು ಕೈ, ಹೆಚ್ಚು ಹೊಳೆಯುವುದು ಮುಖ.

ಕವಳ, ಬೀಡಿ, ಗುಟ್ಕಾ ಮನೆಯಲ್ಲೇ ಬಿಡಿ. ಘಮಘಮ ಸೋಪು, ಸೆಂಟು ಬೇಡ. ಸಗಣಿ ಮೆತ್ತಿಕೊಂಡರೆ ಮನುಷ್ಯರ ವಾಸನೆ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋಗುವುದಿಲ್ಲ. ಗಾಳಿ ಸರಿ ನೋಡಿಕೊಳ್ಳಿ, ಅಷ್ಟೇ.

ಈಗ ಉಣುಗಿನ, ಅಂದರೆ ಉಣ್ಣೆ ಹುಳದ ವಿಷಯ. ಉತ್ತರ ಕನ್ನಡದ ಕಾಡಿನಲ್ಲಿ ಕೂರುವವರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಸಿದ್ದಾಪುರ ತಾಲ್ಲೂಕಿನಲ್ಲೂ ಜೀವ ತೆಗೆದಿದೆ. ಸೋಂಕಿರುವ ಉಣುಗು ಕಚ್ಚಿದರೆ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಅಪಾಯ ಹೆಚ್ಚು. ಪ್ರಾಣಿ ಮಲಗುವ, ಓಡಾಡುವ ದಾರಿಯ ದರಕಿನಲ್ಲೇ ಉಣುಗು ಜಾಸ್ತಿ ಇರುತ್ತದೆ. ಮಣೆ ಬೇಕು, ಜಾಗ ಗುಡಿಸಿ ಎಂದು ಹೇಳಿದ್ದು ಇದಕ್ಕೂ ಸೇರಿ. ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ. ಎಣ್ಣೆಯ ವಾಸನೆ ಪ್ರಾಣಿಗೆ ಗೊತ್ತಾಗುತ್ತದೆ ಎಂದು ಬಿಡಬೇಡಿ. ಗಾಳಿ ಸರಿಯಿದ್ದರೆ ಅದೂ ಗೊತ್ತಾಗುವುದಿಲ್ಲ, ಗಾಳಿ ತಪ್ಪಿದರೆ ಎಣ್ಣೆ ಇಲ್ಲದಿದ್ದರೂ ಗೊತ್ತಾಗುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಬೆಟ್ಟಕ್ಕೆ ಕೆಲವು ವಾರ ಕಾಲಿಡಬೇಡಿ.

ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಅದಕ್ಕೆ ಹೆದರಬೇಕಿಲ್ಲ, ಆದರೆ ನಿಮಿಷಕ್ಕೊಮ್ಮೆ ಬಗ್ಗಿ ಕೀಳುತ್ತ ಕೂತರೆ ಪ್ರಾಣಿ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡುವುದು ಒಳ್ಳೆಯದು. ನನಗೆ ಇಷ್ಟವಾದ ಹೊತ್ತು ಎರಡು. ಒಂದು, ನೆಲ್ಲಿ ಉದುರುವ ಚಳಿಗಾಲ. ಇನ್ನೊಂದು, ಬೇಸಿಗೆಯ ಮೊದಲ ಅಡ್ಡಮಳೆ ಬಿದ್ದ ನಂತರದ ದಿನಗಳು. ಆಗ ದರಕು ಮೆತ್ತಗಾಗಿರುತ್ತದೆ, ಹೊಸ ಚಿಗುರಿಗೆ ಪ್ರಾಣಿಗಳು ಬೇಗ ಹೊರಡುತ್ತವೆ.

ಹೋಗುವುದು

ಬೆಳಗಿನ ಜಾವದ ಕತ್ತಲಲ್ಲಿ ಹೋಗಿ ಕೂರಿ ಎಂದು ನಾನು ಹೇಳುವುದಿಲ್ಲ. ಕರಡಿ, ಕಾಟಿ, ಹಾವು ಇರುವ ಜಾಗ, ಯಲ್ಲಾಪುರ ಮುಂಡಗೋಡ ಕಡೆ ಆನೆಯೂ ಬರುತ್ತದೆ. ಜೊತೆಗೆ ಆ ಹೊತ್ತಿಗೆ ಪ್ರಾಣಿ ಮೇದು ವಾಪಸ್ ಬರುತ್ತಿರುತ್ತದೆ, ದಾರಿಯಲ್ಲೇ ಮುಖಾಮುಖಿ ಆಗುತ್ತೀರಿ. ಸಂಜೆಯೇ ಸರಿ. ಮೂರೂವರೆಗೆ, ಅದಿನ್ನೂ ಮಲಗಿರುವಾಗಲೇ ಹೋಗಿ ಕೂತುಬಿಡಿ. ಒಬ್ಬರೇ ಹೋಗಬೇಡಿ, ಮೂರು ಜನವೂ ಬೇಡ. ಎಲ್ಲಿ ಕೂರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೋಗಿ.

ದಾರಿ ಇರುವವರೆಗೆ ದಾರಿಯಲ್ಲೇ, ಮಾಮೂಲಿ ನಡಿಗೆಯಲ್ಲಿ ಹೋಗಿ. ದಾರಿ ಬಿಟ್ಟ ಮೇಲೆ ನಿಧಾನ. ಹಳ್ಳದ ನೀರಿನ ಸದ್ದು ಇರುವ ಕಡೆಯಿಂದ ಹತ್ತಿದರೆ ಅದು ನಿಮ್ಮ ಹೆಜ್ಜೆ ಮುಚ್ಚುತ್ತದೆ. ಪಾದದ ಹೊರ ಅಂಚು ಮೊದಲು ಊರಿ, ಕೆಳಗೆ ಕಡ್ಡಿ ಇಲ್ಲ ಎಂದು ತಿಳಿದ ಮೇಲೆ ಭಾರ ಹಾಕಿ. ಕಡ್ಡಿ ಮುರಿದರೆ ಗಾಬರಿ ಬೇಡ, ಒಂದೆರಡು ನಿಮಿಷ ಅಲ್ಲೇ ನಿಲ್ಲಿ. ಕಾಡಿನಲ್ಲಿ ಒಂದು ಕಡ್ಡಿ ಯಾವಾಗಲೂ ಮುರಿಯುತ್ತಿರುತ್ತದೆ, ಎರಡನೆಯದು ಬೇಗ ಮುರಿದಾಗಲೇ ಕಿವಿ ನೆಟ್ಟಗಾಗುವುದು. ಫೋನ್ ಆಫ್ ಮಾಡಿ, ಕಂಪನಕ್ಕೂ ಹಾಕಬೇಡಿ.

ಕೂತ ಮೇಲೆ

ಮೊದಲ ಇಪ್ಪತ್ತು ನಿಮಿಷ ಏನೂ ಕಾಣುವುದಿಲ್ಲ. ನೀವು ಬಂದ ಸುದ್ದಿ ಹರಟೆಮಲ್ಲ ಹಕ್ಕಿಗಳು, ಅಳಿಲು ಎಲ್ಲರಿಗೂ ಹೇಳಿರುತ್ತವೆ. ಅವು ಸುಮ್ಮನಾಗಿ ತಮ್ಮ ಕೆಲಸಕ್ಕೆ ಮರಳಿದ ಮೇಲೆ ಕಾಡು ನಿಮ್ಮನ್ನು ಒಪ್ಪಿದೆ ಎಂದರ್ಥ. ಮರದಲ್ಲಿ ಮುಸಿಯಗಳಿದ್ದರೆ (ಕರಿಮೂತಿಯ ಮಂಗ) ಕೆಳಗೆ ನೋಡಿ. ಅವು ಕಿತ್ತೆಸೆಯುವ ಚಿಗುರು, ಕಾಯಿಗಾಗಿ ಜಿಂಕೆಗಳು ಬರುತ್ತವೆ.

ಕಣ್ಣಿನಿಂದ ಇಡೀ ಪ್ರಾಣಿಯನ್ನು ಹುಡುಕಬೇಡಿ. ಕಿವಿಯ ಅಲುಗಾಟ, ಬಾಲದ ಒಂದು ಬೀಸು, ನೆಟ್ಟಗಿನ ಮರಗಳ ನಡುವೆ ಅಡ್ಡವಾಗಿರುವ ಬೆನ್ನಿನ ಗೆರೆ, ಇವನ್ನು ಹುಡುಕಿ. ತಲೆ ತಿರುಗಿಸುವಾಗ ಗಡಿಯಾರದ ಮುಳ್ಳಿನಷ್ಟು ನಿಧಾನ. ಅವುಗಳ ಕಣ್ಣು ತಲೆಯ ಪಕ್ಕದಲ್ಲಿದೆ, ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಎಲ್ಲ ಕಡೆ ಕಾಣುತ್ತದೆ. ಅಲ್ಲಾಡದೆ ಇರುವುದನ್ನು ಗುರುತಿಸುವುದು ಅವಕ್ಕೆ ಕಷ್ಟ.

ಪ್ರಾಣಿಯ ಅನುಮಾನ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ತಲೆ ಎತ್ತಿ ಕಿವಿ ಎರಡನ್ನೂ ನಿಮ್ಮ ಕಡೆ ಮಾಡುತ್ತದೆ. ಆಗ ಕಣ್ಣಲ್ಲಿ ಕಣ್ಣಿಡಬೇಡಿ, ದೃಷ್ಟಿ ತಗ್ಗಿಸಿ, ಉಸಿರು ನಿಧಾನ ಮಾಡಿ. ತಲೆ ತಗ್ಗಿಸಿ ಮೇಯುವಂತೆ ಮಾಡಿ ತಟ್ಟನೆ ಮತ್ತೆ ಎತ್ತುತ್ತದೆ, ಮೋಸ ಹೋಗಬೇಡಿ. ಬಾಲ ಸಡಿಲವಾಗಿ ಬೀಸಿ ನಿಜಕ್ಕೂ ಮೇಯತೊಡಗಿದ ಮೇಲಷ್ಟೇ ಅಲುಗಿ. ಎರಡನೆಯದು ಮುಂಗಾಲು ನೆಲಕ್ಕೆ ಬಡಿಯುವುದು. ಮೂರನೆಯದು ಕೂಗು. ಚುಕ್ಕೆ ಜಿಂಕೆಯದು ಚೂಪು ಕಿರುಚು, ಕಡವೆಯದು ಗಂಟೆ ಬಡಿದಂಥ ‘ಢಾಂಕ್’, ಕಾಡುಕುರಿಯದು ಬೊಗಳು. ಕೂಗು ನಿಮ್ಮನ್ನೇ ಕುರಿತಾಗಿದ್ದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಅದು ಹೋಗುವವರೆಗೆ ಸುಮ್ಮನಿದ್ದು ಮನೆಗೆ ಹೊರಡಿ. ಕೂಗು ಬೇರೆ ದಿಕ್ಕಿಗೆ ಮುಖ ಮಾಡಿ ಬಂದರೆ ಹತ್ತಿರದಲ್ಲಿ ಚಿರತೆಯೋ ನಾಯಿಯೋ ಇದೆ.

ಫೋಟೊ ತೆಗೆಯುವವರಿಗೆ ಎರಡೇ ಮಾತು. ಫ್ಲಾಶ್ ಬೇಡ, ಶಟರ್ ಸದ್ದು ಬಂದ್ ಮಾಡಿ. ತೆಗೆದದ್ದನ್ನು ಎಲ್ಲಾದರೂ ಹಾಕುವಾಗ ಬೆಟ್ಟದ ಹೆಸರು, ಮ್ಯಾಪಿನ ಗುರುತು ಹಾಕಬೇಡಿ. ಕೋವಿ, ಉರುಳು ಇಟ್ಟುಕೊಂಡವರೂ ನೋಡುತ್ತಾರೆ.

ಉರುಳು ಎಂದಾಗ ನೆನಪಾಯಿತು. ದಾರಿಯಲ್ಲಿ ಬೈಕಿನ ಕ್ಲಚ್ ವೈರಿನ ಕುಣಿಕೆ ಕಂಡರೆ ಫೋಟೊ ತೆಗೆದು, ಜಾಗ ಗುರುತು ಮಾಡಿ ಅದೇ ದಿನ ಅರಣ್ಯ ಕಚೇರಿಗೆ ತಿಳಿಸಿ. ಒಂದು ಕಂಡರೆ ಹತ್ತಿರದಲ್ಲಿ ಇನ್ನೂ ಇರುತ್ತವೆ. ಮತ್ತೆ, ಮಟ್ಟಿಯ ಬುಡದಲ್ಲಿ ಒಂಟಿ ಮರಿ ಮುದುಡಿ ಕೂತಿದ್ದರೆ ಅದು ಅನಾಥ ಅಲ್ಲ. ತಾಯಿಯೇ ಅಲ್ಲಿ ಮಲಗಿಸಿ ಮೇಯಲು ಹೋಗಿರುತ್ತದೆ, ಹಾಲು ಕೊಡಲು ಬರುತ್ತದೆ. ಮುಟ್ಟದೆ, ಹತ್ತಿರ ನಿಲ್ಲದೆ ಆ ಜಾಗ ಬಿಡಿ. ‘ಕಾಪಾಡಿ’ ಮನೆಗೆ ತಂದ ಮರಿ ಬದುಕುವುದು ಅಪರೂಪ.

ಎದ್ದು ಬರುವುದು

ಹೆಚ್ಚಿನವರು ತಪ್ಪುವುದು ಇಲ್ಲೇ. ಎರಡು ಗಂಟೆ ಅಲ್ಲಾಡದೆ ಕೂತು, ಕತ್ತಲಾಯಿತು ಎಂದು ಎದ್ದು ಟಾರ್ಚ್ ಹಾಕುತ್ತಾರೆ. ಮುಂದೆ ಮೇಯುತ್ತಿದ್ದ ತಾಯಿ ಮರಿ ಚೆಲ್ಲಾಪಿಲ್ಲಿ. ಇನ್ನು ಆ ಮರದ ಬುಡ ಅವಕ್ಕೆ ಹೆದರಿಕೆಯ ಜಾಗ.

ಪ್ರಾಣಿ ಮುಂದಿದ್ದರೆ ಏಳಬೇಡಿ. ಅದು ಮೇಯುತ್ತ ಮುಂದೆ ಹೋಗುವವರೆಗೆ ಕಾಯಿರಿ. ಹೋಗುವುದೇ ಇಲ್ಲ ಎಂದಾದರೆ ಒಂದು ಉಪಾಯ. ಜೊತೆಗಾರ ದೂರದ ತೋಟದಲ್ಲೇ ಇರಲಿ. ಹೇಳಿಟ್ಟ ಹೊತ್ತಿಗೆ ಅವನು ಮಾಮೂಲಿ ದಾರಿಯಲ್ಲಿ, ದನ ಕರೆಯುತ್ತ, ಮಾತಾಡುತ್ತ ಬರಲಿ. ಆ ಸದ್ದಿಗೆ ಪ್ರಾಣಿ ಗಾಬರಿಯಾಗುವುದಿಲ್ಲ, ದಿನಾ ಸಂಜೆ ಮಾಡುವಂತೆ ಮೆಲ್ಲಗೆ ಮರೆಗೆ ಸರಿಯುತ್ತದೆ. ನೀವು ಅವನ ಜೊತೆ ಮಾತಾಡುತ್ತ ದಾರಿ ಹಿಡಿಯಿರಿ. ಟಾರ್ಚಿಗೆ ಕೆಂಪು ಕಾಗದ ಕಟ್ಟಿದ್ದರೆ ಬೆಳಕು ಅಷ್ಟಾಗಿ ಅವುಗಳ ಕಣ್ಣಿಗೆ ಹೊಡೆಯುವುದಿಲ್ಲ. ನಿಮ್ಮ ಕಾಲ ಬುಡದ ಹಾವು ಕಾಣುವಷ್ಟು ಬೆಳಕು ಮಾತ್ರ ಇರಲೇಬೇಕು.

ಮನೆಗೆ ಬಂದ ಕೂಡಲೇ ಬಟ್ಟೆ ಒಳಗೆ ತರಬೇಡಿ, ಅಂಗಳದಲ್ಲೇ ಬಿಚ್ಚಿ ಬಿಸಿನೀರಿಗೆ ಹಾಕಿ. ಬಚ್ಚಲ ಹಂಡೆಯ ಬಿಸಿನೀರು, ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ. ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಸಂದು ಒಂದೊಂದನ್ನೂ ನೋಡಿಕೊಳ್ಳಿ. ಮರಿ ಉಣುಗು ಸಾಸಿವೆಗಿಂತ ಸಣ್ಣದಿರುತ್ತದೆ. ನಂತರದ ಎರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಮಲಗುವ ಮುನ್ನ ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಿ. ತಾರೀಖು, ಗಾಳಿ ಎಷ್ಟು ಹೊತ್ತಿಗೆ ತಿರುಗಿತು, ಪ್ರಾಣಿ ಯಾವ ಮರದ ಪಕ್ಕದಿಂದ ಇಳಿಯಿತು, ಅದಕ್ಕೆ ನಿಮ್ಮ ಸುಳಿವು ಸಿಕ್ಕಿತೋ ಇಲ್ಲವೋ. ನನ್ನ ಪುಸ್ತಕದಲ್ಲಿ ಆ ಬಿದಿರು ಮೆಳೆಯ ಕೆಳಗೆ ಹೆಣ್ಣು ಕಡವೆಯ ಹೆಜ್ಜೆ ಮತ್ತೆ ಕಂಡ ದಿನವೂ ಇದೆ. ಏಪ್ರಿಲ್ ಕೊನೆಯ ವಾರ, ಮಳೆ ಬಿದ್ದ ಮರುದಿನ. ಪಕ್ಕದಲ್ಲೇ ಇನ್ನೊಂದು ಸಣ್ಣ ಹೆಜ್ಜೆ ಇತ್ತು.